ಮಜ್ಜಿಗೆ ಮನೆಗೆ, ಬೆಣ್ಣೆ ಸಂತೆಗೆ: ಒಂದು ಶಾರ್ಟ್‌ಬ್ರೆಡ್ ತಟ್ಟೆಯ ಲೆಕ್ಕ

ಈ ವಾರದ ಮಾತು ಅಡುಗೆಮನೆಯಿಂದ ಶುರುವಾಗುತ್ತೆ, ಆದರೆ ಅಲ್ಲೇ ನಿಲ್ಲಲ್ಲ. ವಿಡಿಯೋದಲ್ಲಿ ಅವಸರದಲ್ಲಿ ದಾಟಿಹೋದ ಕೆಲವು ವಿಷಯಗಳನ್ನ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೀನಿ.

ನಾನು ಪುಣೆಗೆ ಬಂದ ಮೂರನೇ ವರ್ಷ. ಮಳೆ ನಿಂತು ಅಕ್ಟೋಬರ್ ಬಿಸಿಲು ಶುರುವಾಗಿತ್ತು. ದಸರಾಗೆ ರಜ ಸಿಕ್ಕಿರಲಿಲ್ಲ. ಬೀದಿ ತುಂಬ ತಳ್ಳುಗಾಡಿಗಳಲ್ಲಿ ಹಿಮಾಚಲದ ಸೇಬು. ಆನ್‌ಸೈಟ್ ಮುಗಿಸಿ ಬಂದ ಸಹೋದ್ಯೋಗಿಯೊಬ್ಬರು ಎಡಿನ್‌ಬರೋದಿಂದ ಕೆಂಪು ಚೌಕಳಿಯ ಡಬ್ಬಿಯಲ್ಲಿ ಶಾರ್ಟ್‌ಬ್ರೆಡ್ ತಂದಿದ್ದರು. ಬಾಯಲ್ಲಿಟ್ಟರೆ ಕರಗಿ ಪುಡಿಪುಡಿ. ನಮ್ಮ ಫ್ಲಾಟಿನಲ್ಲಿ ಹೊಸದಾಗಿ ಓಟಿಜಿ ತಗೊಂಡಿದ್ವಿ. ಇದನ್ನೇ ಮಾಡೋಣ, ಮೇಲೆ ಸೇಬು ಹರಡಿ ಬೇಯಿಸಿ ಬರ್ಫಿ ಥರ ಕತ್ತರಿಸೋಣ ಅಂದುಕೊಂಡೆ. ಚಳಿದೇಶಗಳಲ್ಲಿ ಹಣ್ಣಿನ ಕೊಯ್ಲಿನ ಕಾಲಕ್ಕೆ ಹೀಗೆ ಮಾಡೋ ರೂಢಿ ಇದೆ.

ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಹೇಳಿದೆ.

"ಎಷ್ಟು ಬೆಣ್ಣೆ ಹಾಕ್ತೀಯೋ?"

"ಇನ್ನೂರು ಗ್ರಾಮು, ಅಮ್ಮ."

"ಒಂದು ತಟ್ಟೆಗಾ?" ಅಂದು ಸ್ವಲ್ಪ ಹೊತ್ತು ಸುಮ್ಮನಾದಳು. "ನಮ್ಮ ಮನೇಲಿ ಮಜ್ಜಿಗೆ ಮನೆಗೆ, ಬೆಣ್ಣೆ ಸಂತೆಗೆ ಕಣಪ್ಪ. ಕಡಗೋಲಿಗೆ ಅಂಟಿದ್ದಷ್ಟೇ ನಮ್ಮ ಪಾಲು."

ಅಜ್ಜಿ ನಸುಕಿನಲ್ಲೆದ್ದು ಮೊಸರು ಕಡೆದು, ಬೆಣ್ಣೆ ಉಂಡೆ ಮಾಡಿ ನೀರಲ್ಲಿ ಹಾಕಿಟ್ಟು, ವಾರಕ್ಕೊಮ್ಮೆ ಸಂತೆಗೆ ಹೊರುತ್ತಿದ್ದರಂತೆ. ಆ ದುಡ್ಡಲ್ಲೇ ಉಪ್ಪು, ಸೀಮೆಎಣ್ಣೆ, ಮಕ್ಕಳ ಫೀಸು. ಹಸು ಇದ್ದ ಮನೆಯಲ್ಲೇ ಬೆಣ್ಣೆ ಇರಲಿಲ್ಲ.

ಆವತ್ತಿನಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಡ್ತು. ಇಷ್ಟೊಂದು ಬೆಣ್ಣೆ ಬೇಡುವ ಈ ತಿಂಡಿ ಹುಟ್ಟಿದ ಸ್ಕಾಟ್ಲೆಂಡಿನಲ್ಲಿ ಅದನ್ನ ತಿಂತಿದ್ದವರು ಯಾರು? ಬೆಣ್ಣೆ ಕಡೆಯುತ್ತಿದ್ದವರೇನಾ?

ಶಾರ್ಟ್ ಅಂದ್ರೆ ಗಿಡ್ಡ ಅಲ್ಲ

ಮೊದಲು ಹೆಸರು. ಇಲ್ಲಿ ಶಾರ್ಟ್ ಅನ್ನೋದಕ್ಕೆ ಉದ್ದಗಲದ ಸಂಬಂಧವಿಲ್ಲ. ಹಳೇ ಇಂಗ್ಲಿಷಿನ ಅಡುಗೆಮನೆಯಲ್ಲಿ ಸುಲಭವಾಗಿ ಮುರಿದು ಪುಡಿಯಾಗೋದಕ್ಕೆ ಶಾರ್ಟ್ ಅಂತಿದ್ದರು. ಗೋಧಿ ಹಿಟ್ಟಿಗೆ ನೀರು ಬಿದ್ದು ನಾದಿದರೆ ಗ್ಲೂಟೆನ್ ಅನ್ನೋ ಅಂಟು ಎಳೆಗಳು ಬೆಳೀತವೆ. ಚಪಾತಿ ಹಿಟ್ಟು ಎಳೆದರೆ ಹಿಗ್ಗೋದು ಅದಕ್ಕೇ. ಮೊದಲೇ ಹಿಟ್ಟಿಗೆ ಬೆಣ್ಣೆ ಸವರಿಬಿಟ್ಟರೆ ಹಿಟ್ಟಿನ ಕಣಕ್ಕೆ ನೀರು ತಾಗಲ್ಲ, ಎಳೆ ಉದ್ದ ಬೆಳೆಯಲ್ಲ. ಕಚ್ಚಿದರೆ ಜಗಿಯೋ ಬದಲು ಉದುರುತ್ತೆ.

ಇದು ನಮಗೆ ಗೊತ್ತಿಲ್ಲದ ವಿದ್ಯೆಯಲ್ಲ. ಚಕ್ಕುಲಿಗೂ ನಿಪ್ಪಟ್ಟಿಗೂ ಕಾಯಿಸಿದ ಎಣ್ಣೆ ಹಾಕಿ ಹಿಟ್ಟು ತಿಕ್ಕೋದು ಇದೇ ಉದುರು ಹದಕ್ಕೆ. ಮುಷ್ಟಿ ಕಟ್ಟಿದರೆ ಉಂಡೆ ನಿಲ್ಲಬೇಕು, ಒತ್ತಿದರೆ ಉದುರಬೇಕು, ಅದು ಹದ. ಮರಾಠಿಯಲ್ಲಿ ಇದಕ್ಕೆ ಮೋಹನ್ ಹಾಕೋದು ಅಂತಾರೆ. ಪುಣೆ, ಮುಂಬೈಯಲ್ಲಿರೋರು ಪಕ್ಕದ ಮನೆ ಕಾಕೂ ಬಾಯಲ್ಲಿ ಕೇಳಿರ್ತೀರಿ.

ಈ ಪದದ ಮೇಲೊಂದು ಹಳೇ ಚೇಷ್ಟೆಯೂ ಇದೆ. 1700ರಲ್ಲಿ ಲಂಡನ್ನಿನ ರಂಗಕ್ಕೆ ಬಂದ ವಿಲಿಯಂ ಕಾಂಗ್ರೀವ್‌ನ 'ದಿ ವೇ ಆಫ್ ದಿ ವರ್ಲ್ಡ್' ನಾಟಕದಲ್ಲಿ ಶ್ರಾಪ್‌ಶೈರ್ ಹಳ್ಳಿಯಿಂದ ಬಂದ ಅಣ್ಣ ಒರಟಾಗಿ, ಮೊಟಕಾಗಿ ಮಾತಾಡ್ತಾನೆ. ಪೇಟೆಯ ತಮ್ಮ ಅವನನ್ನ ಶ್ರೂಸ್‌ಬರಿ ಕೇಕಿಗೆ ಹೋಲಿಸಿ ಅಣಕಿಸ್ತಾನೆ, ಎರಡೂ ಅಷ್ಟೇ ಶಾರ್ಟ್ ಅಂತ. ಶ್ರೂಸ್‌ಬರಿ ಅಂದ ತಕ್ಷಣ ಪುಣೆಯವರು ನೆಟ್ಟಗೆ ಕೂತ್ರಿ ಅಲ್ವಾ? ಇರಿ, ಅಲ್ಲಿಗೂ ಬರ್ತೀನಿ.

ಗೇಣಿಗೆ ಹೋದ ಬೆಣ್ಣೆ

ಸ್ಕಾಟ್ಲೆಂಡಿನ ಬಡವರ ಧಾನ್ಯ ಓಟ್ಸ್. ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ ಓಟ್ಸ್‌ಗೆ ಅರ್ಥ ಬರೆಯುವಾಗ, ಇಂಗ್ಲೆಂಡಿನಲ್ಲಿ ಇದನ್ನ ಕುದುರೆಗೆ ಹಾಕ್ತಾರೆ, ಸ್ಕಾಟ್ಲೆಂಡಿನಲ್ಲಿ ಜನ ತಿಂತಾರೆ ಅನ್ನೋ ಅರ್ಥದಲ್ಲಿ ಕುಟುಕಿದ್ದ. ನಮ್ಮ ಕಡೆ ರಾಗಿ ತಿನ್ನೋರನ್ನ ಅಕ್ಕಿ ತಿನ್ನೋರು ನೋಡಿದ ಹಾಗೆ. ಬಿಳಿ ಗೋಧಿ ಹಿಟ್ಟು ಉಳ್ಳವರ ಮನೆಯದು. ಬಡವರ ಮನೆಯಲ್ಲಿ ಓವನ್ನೂ ಇರಲಿಲ್ಲ. ಬೆಂಕಿಯ ಮೇಲೆ ನೇತುಹಾಕಿದ ಕಬ್ಬಿಣದ ಕಾವಲಿಯಲ್ಲೇ ಓಟ್ಸ್ ರೊಟ್ಟಿ ಬೇಯ್ತಿತ್ತು.

ಶಾರ್ಟ್‌ಬ್ರೆಡ್‌ನ ಪೂರ್ವಜ ಬಿಸ್ಕತ್ತು ಬ್ರೆಡ್. ಉಳಿದ ಬ್ರೆಡ್ ಹಿಟ್ಟಿಗೆ ಸಕ್ಕರೆ ಸೇರಿಸಿ, ಆರುತ್ತಾ ಬಂದ ಓವನ್ನಿನಲ್ಲಿಟ್ಟು ಗರಿಗರಿಯಾಗಿ ಒಣಗಿಸೋದು. ಕಾಲಕ್ರಮದಲ್ಲಿ ಯೀಸ್ಟಿನ ಜಾಗಕ್ಕೆ ಬೆಣ್ಣೆ ಬಂತು. 1736ರಲ್ಲಿ ಗ್ಲಾಸ್ಗೋದಲ್ಲಿ ಅಚ್ಚಾದ ಮಿಸೆಸ್ ಮ್ಯಾಕ್ಲಿಂಟಾಕ್ ಅವರ ಅಡುಗೆ ಪುಸ್ತಕದಲ್ಲಿ ಶಾರ್ಟ್‌ಬ್ರೆಡ್ ಆಗಲೇ ಕಾಣಿಸ್ಕೊಂಡಿದೆ. ರಾಣಿ ಮೇರಿ ಸ್ಟುವರ್ಟ್‌ಗೆ ಇದು ಬಲು ಇಷ್ಟ, ಅವಳೇ ಫ್ರಾನ್ಸಿನಿಂದ ತಂದಳು ಅಂತ ಪ್ರವಾಸಿಗರಿಗೆ ಕಥೆ ಹೇಳ್ತಾರೆ. ಕಥೆ ಚೆನ್ನಾಗಿದೆ, ದಾಖಲೆ ಮಾತ್ರ ಇಲ್ಲ.

ರಾಣಿಗಿಂತ ನನಗೆ ಮುಖ್ಯ ಅನ್ನಿಸಿದ್ದು ಒಕ್ಕಲಿನ ಮನೆ. ಹೈಲ್ಯಾಂಡ್ಸ್ ಗುಡ್ಡಗಳಲ್ಲಿ ಗೇಣಿಯ ಒಂದು ಭಾಗವನ್ನ ಬೆಣ್ಣೆ, ಚೀಸ್, ಕೋಳಿಯ ರೂಪದಲ್ಲಿ ಕೊಡೋ ಪದ್ಧತಿ ಇತ್ತು. ಇನ್ನೂ ಉತ್ತರದ ಶೆಟ್ಲೆಂಡ್ ದ್ವೀಪಗಳಲ್ಲಿ ನಾರ್ವೆ ಆಳ್ವಿಕೆಯ ಕಾಲದಿಂದಲೂ ಭೂಮಿಯ ಕಂದಾಯ ಕಟ್ಟುತ್ತಿದ್ದದ್ದು ಬೆಣ್ಣೆ, ಮೀನೆಣ್ಣೆ, ಉಣ್ಣೆ ಬಟ್ಟೆಯಲ್ಲಿ. ನೋಡಿ, ಅಮ್ಮನ ಮಾತೇ ಅಲ್ವಾ? ಮಜ್ಜಿಗೆ ಮನೆಗೆ, ಬೆಣ್ಣೆ ಧಣಿಗೆ.

ಅದಕ್ಕೇ ಸಾಮಾನ್ಯರ ಮನೆಯಲ್ಲಿ ಶಾರ್ಟ್‌ಬ್ರೆಡ್ ದಿನದ ತಿಂಡಿಯಾಗಿರಲಿಲ್ಲ, ಹಬ್ಬದ್ದು, ಮದುವೆಯದು. ಶೆಟ್ಲೆಂಡಿನಲ್ಲಿ ಮದುಮಗಳು ಹೊಸ ಮನೆಯ ಹೊಸ್ತಿಲಿಗೆ ಬಂದಾಗ ಅವಳ ತಲೆಯ ಮೇಲೆ ಅಲಂಕರಿಸಿದ ಶಾರ್ಟ್‌ಬ್ರೆಡ್ ಮುರೀತಿದ್ದರು. ನಮ್ಮಲ್ಲಿ ಸೊಸೆ ಸೇರಕ್ಕಿ ಒದ್ದು ಒಳಗೆ ಬರ್ತಾಳಲ್ಲ, ಹಾಗೆ. ವರ್ಷವೆಲ್ಲಾ ಅಳೆದು ಸುರಿಯೋದನ್ನ ಆ ಒಂದು ದಿನ ಚೆಲ್ಲಾಡಬಹುದು.

ಇನ್ನೊಂದು ಹಾಗ್‌ಮನೇ, ಅಂದ್ರೆ ಡಿಸೆಂಬರ್ 31ರ ರಾತ್ರಿ. ಸ್ಕಾಟ್ಲೆಂಡಿನ ಪಾರ್ಲಿಮೆಂಟು 1640ರಲ್ಲಿ ಕ್ರಿಸ್‌ಮಸ್ ರಜೆಯನ್ನೇ ತೆಗೆದುಹಾಕಿತು. ಚರ್ಚಿನ ಬಿಗಿ ಅಷ್ಟಿತ್ತು. ಆ ದಿನ ಅಲ್ಲಿ ಮತ್ತೆ ಸಾರ್ವಜನಿಕ ರಜೆ ಆಗಿದ್ದು 1958ರಲ್ಲಿ. ಆ ನಡುವೆ ಜನರ ಸಂಭ್ರಮವೆಲ್ಲಾ ಹೊಸವರ್ಷಕ್ಕೆ ಸರಿದಿತ್ತು. ನಡುರಾತ್ರಿಯ ನಂತರ ಮನೆಗೆ ಮೊದಲು ಕಾಲಿಡುವ ಅತಿಥಿ ಕಲ್ಲಿದ್ದಲು, ವಿಸ್ಕಿ, ಶಾರ್ಟ್‌ಬ್ರೆಡ್ ಹಿಡಿದು ಬರಬೇಕು. ವರ್ಷವಿಡೀ ಒಲೆ, ಗಂಟಲು, ಹೊಟ್ಟೆ ಮೂರೂ ತುಂಬಿರಲಿ ಅಂತ.

ಸಕ್ಕರೆಯ ಲೆಕ್ಕ

ಶಾರ್ಟ್‌ಬ್ರೆಡ್‌ನ ಹಳೇ ಅಳತೆ ಒಂದು, ಎರಡು, ಮೂರು. ಒಂದು ಪಾಲು ಸಕ್ಕರೆ, ಎರಡು ಪಾಲು ಬೆಣ್ಣೆ, ಮೂರು ಪಾಲು ಹಿಟ್ಟು. ಇದರಲ್ಲಿ ಚಿಕ್ಕ ಪಾಲು ಸಕ್ಕರೆಯದು. ಆದರೆ ರಕ್ತದ ಕಲೆ ಹೆಚ್ಚು ಇರೋದು ಅದರಲ್ಲೇ.

ಪದ ನಮ್ಮದೇ. ಸಂಸ್ಕೃತದ ಶರ್ಕರಾ ಪರ್ಷಿಯನ್, ಅರಬ್ಬಿ ದಾಟಿ ಯುರೋಪಿನಲ್ಲಿ ಶುಗರ್ ಆಯ್ತು. ಕನ್ನಡದಲ್ಲಿ ಸಕ್ಕರೆ. ಆದರೆ 18ನೇ ಶತಮಾನದ ಗ್ಲಾಸ್ಗೋಗೆ ಬರ್ತಿದ್ದ ಸಕ್ಕರೆ ಜಮೈಕಾದಂಥ ಕೆರಿಬಿಯನ್ ದ್ವೀಪಗಳದು. ಆಫ್ರಿಕಾದಿಂದ ಹಿಡಿದು ತಂದು ಮಾರಿದ ಗುಲಾಮರು ಕಬ್ಬು ಕಡಿದು, ಅರೆದು, ಕುದಿಸಿ ಮಾಡಿದ್ದು. ಗ್ಲಾಸ್ಗೋದಲ್ಲಿ 1667ರಲ್ಲೇ ಸಕ್ಕರೆ ಕಾರ್ಖಾನೆ ಶುರುವಾಗಿತ್ತು. ಮಿಸೆಸ್ ಮ್ಯಾಕ್ಲಿಂಟಾಕ್ ಪುಸ್ತಕ ಅದೇ ಊರಲ್ಲಿ ಅಚ್ಚಾಗಿದ್ದು ಅನ್ನೋದನ್ನ ನೆನಪಿಡಿ.

ಇದನ್ನ ಪ್ರಶ್ನಿಸಿದವರೂ ಇದ್ದರು. 1791ರಲ್ಲಿ ವಿಲಿಯಂ ಫಾಕ್ಸ್ ಅನ್ನೋರು ಕೆರಿಬಿಯನ್ ಸಕ್ಕರೆ, ರಮ್ಮು ಬಿಡಿ ಅಂತ ಒಂದು ಕರಪತ್ರ ತಂದರು. ಸುಮಾರು 3 ಲಕ್ಷ ಜನ ಸಕ್ಕರೆ ಬಿಟ್ಟರು ಅಂತ ಗುಲಾಮಗಿರಿ ವಿರೋಧಿ ಹೋರಾಟಗಾರ ಥಾಮಸ್ ಕ್ಲಾರ್ಕ್‌ಸನ್ ಅಂದಾಜು ಮಾಡಿದ. ಇದರಲ್ಲಿ ಹೆಂಗಸರ ಪಾತ್ರ ದೊಡ್ಡದು. ಅವರಿಗೆ ಓಟಿರಲಿಲ್ಲ, ಆದರೆ ಮನೆಗೆ ಯಾವ ಸಕ್ಕರೆ ಬರಬೇಕು ಅನ್ನೋದು ಅವರ ಕೈಯಲ್ಲಿತ್ತು. 1824ರಲ್ಲಿ ಎಲಿಜಬೆತ್ ಹೇರಿಕ್, ಗುಲಾಮಗಿರಿ ನಿಧಾನಕ್ಕಲ್ಲ, ಈಗಲೇ ಹೋಗಬೇಕು ಅಂತ ಬರೆದು ಗಂಡಸು ನಾಯಕರನ್ನೂ ಇಕ್ಕಟ್ಟಿಗೆ ಸಿಕ್ಕಿಸಿದಳು. ಆ ಕಾಲದ ಸಕ್ಕರೆ ಬಟ್ಟಲುಗಳ ಮೇಲೆ, ಇದು ಈಸ್ಟ್ ಇಂಡಿಯಾ ಸಕ್ಕರೆ, ಗುಲಾಮರು ಮಾಡಿದ್ದಲ್ಲ ಅನ್ನೋ ಅರ್ಥದ ಸಾಲು ಬರೆಸ್ತಿದ್ದರು. ಅಂದ್ರೆ ನಮ್ಮ ದೇಶದ ಸಕ್ಕರೆ ಒಳ್ಳೇ ಮನಸ್ಸಿನವರ ಬ್ರ್ಯಾಂಡ್ ಆಗಿತ್ತು.

ಕಾನೂನು ಬಂದದ್ದು 1833ರಲ್ಲಿ. ಪರಿಹಾರವಾಗಿ ಬ್ರಿಟಿಷ್ ಸರ್ಕಾರ 2 ಕೋಟಿ ಪೌಂಡ್ ಕೊಟ್ಟಿತು. ಗುಲಾಮರಿಗಲ್ಲ, ಅವರ ಮಾಲೀಕರಿಗೆ. ಕಬ್ಬಿನ ಗದ್ದೆಗೆ ಆಳು ಬೇಕಲ್ಲ? 1834ರಿಂದ ಮಾರಿಷಸ್‌ಗೆ, 1838ರಿಂದ ಬ್ರಿಟಿಷ್ ಗಯಾನಾಗೆ ಭಾರತದಿಂದ ಕರಾರು ಕೂಲಿಗಳನ್ನ ಹಡಗಿನಲ್ಲಿ ಸಾಗಿಸಿದರು. ಎಗ್ರಿಮೆಂಟ್ ಅನ್ನೋ ಪದವೇ ಅವರ ಬಾಯಲ್ಲಿ ಗಿರ್ಮಿಟ್ ಆಯ್ತು. ನಾವೂ ಬಾಂಡ್‌ಗೆ ಸಹಿ ಹಾಕಿ ಊರು ಬಿಟ್ಟವರೇ ಅಂತ ಆಫೀಸಲ್ಲಿ ತಮಾಷೆ ಮಾಡ್ತೀವಿ. ಬೇಡ. ನಮಗೆ ವಾಪಸ್ ಟಿಕೆಟ್ ಇದೆ, ಅವರಲ್ಲಿ ಬಹಳ ಜನ ಹಿಂದಿರುಗಲೇ ಇಲ್ಲ.

1874ರಲ್ಲಿ ಬ್ರಿಟನ್ ಸಕ್ಕರೆಯ ಮೇಲಿನ ಸುಂಕ ತೆಗೆಯಿತು. ಸಕ್ಕರೆ ಅಗ್ಗವಾಯ್ತು, ಜಾಮ್ ಕೂಲಿಕಾರರ ಮನೆಗೂ ಬಂತು. ಹಬ್ಬದ ತಿಂಡಿ ಅಂಗಡಿಯ ಕಪಾಟಿಗೆ ಇಳಿಯೋಕೆ ದಾರಿಯಾಯ್ತು.

ಬೇಲಿಯ ಹಣ್ಣು

ಈಗ ಮೇಲಿನ ಪದರ, ಹಣ್ಣು. ಬ್ರಿಟನ್ನಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಅಂದ್ರೆ ಸೇಬು, ಪ್ಲಮ್ ಮತ್ತು ಬ್ಲ್ಯಾಕ್‌ಬೆರಿಯ ಕಾಲ. ಬ್ಲ್ಯಾಕ್‌ಬೆರಿ ಮುಳ್ಳುಬೇಲಿಯಲ್ಲಿ ತಾನಾಗೇ ಬೆಳೆಯೋದು, ಯಾರೂ ಕಿತ್ತುಕೊಳ್ಳಬಹುದು. ನಮ್ಮ ಕಾರೆಹಣ್ಣು, ಕವಳೆಹಣ್ಣಿನ ಹಾಗೆ. ಸೆಪ್ಟೆಂಬರ್ 29ರ ಮೈಕಲ್‌ಮಸ್ ಹಬ್ಬ ಕಳೆದ ಮೇಲೆ ಕೀಳಬಾರದು, ಸೈತಾನ ಅದರ ಮೇಲೆ ಉಗುಳಿರ್ತಾನೆ ಅನ್ನೋ ನಂಬಿಕೆ ಇತ್ತು. ಅಷ್ಟೊತ್ತಿಗೆ ಚಳಿ, ಮಳೆಗೆ ಹಣ್ಣು ನೀರಾಗಿ ಬೂಸ್ಟು ಹಿಡೀತದೆ. ನಂಬಿಕೆಯ ಒಳಗೆ ತಿಳುವಳಿಕೆಯೂ ಇದೆ.

ಬೆಣ್ಣೆ ಧಣಿಗೆ, ಸಕ್ಕರೆ ಸಮುದ್ರದಾಚೆ, ಗೋಧಿ ಉಳ್ಳವರಿಗೆ. ಬಡವರ ಮಗು ಬರಿಗೈಲಿ ಹೋಗಿ ತರಬಹುದಾಗಿದ್ದದ್ದು ಈ ಹಣ್ಣೊಂದೇ. ಮೊದಲ ಮಹಾಯುದ್ಧದ ಕೊನೆಗೆ, 1918ರಲ್ಲಿ, ಸೈನಿಕರ ಜಾಮಿಗೆ ಇಂಗ್ಲೆಂಡಿನ ಶಾಲಾಮಕ್ಕಳನ್ನೇ ಬ್ಲ್ಯಾಕ್‌ಬೆರಿ ಕೀಳಲು ಕಳಿಸಿದ್ದರು.

ಎರಡನೇ ಯುದ್ಧದಲ್ಲಿ ರೇಷನ್ ಬಂತು, 1940ರ ಜನವರಿಯಲ್ಲಿ. ಪ್ರಮಾಣ ಏರಿಳಿಯುತ್ತಿತ್ತು. ಬಹುಕಾಲ ಒಬ್ಬರಿಗೆ ವಾರಕ್ಕೆ 2 ಔನ್ಸ್, ಅಂದ್ರೆ ಸುಮಾರು 57 ಗ್ರಾಂ ಬೆಣ್ಣೆ. ಆ ಲೆಕ್ಕದಲ್ಲಿ ನನ್ನ 200 ಗ್ರಾಂ ತಟ್ಟೆಗೆ ಒಬ್ಬರ ಮೂರೂವರೆ ವಾರದ ಪಾಲು ಹೋಗ್ತಿತ್ತು. ಹಳ್ಳಿಯ ಮಹಿಳಾ ಸಂಘಗಳಿಗೆ ಸರ್ಕಾರ ಪ್ರತ್ಯೇಕ ಸಕ್ಕರೆ ಕೊಟ್ಟು, ಉದುರಿ ಹಾಳಾಗೋ ಹಣ್ಣನ್ನೆಲ್ಲಾ ಜಾಮ್ ಮಾಡಿಸಿತು. ಸಕ್ಕರೆಯ ರೇಷನ್ ಮುಗಿದದ್ದು 1953ರಲ್ಲಿ, ಬೆಣ್ಣೆಯದು 1954ರಲ್ಲಿ. ಯುದ್ಧ ಗೆದ್ದು ಒಂಬತ್ತು ವರ್ಷದ ಮೇಲೆ! ಈಗ ನಾವು ಮಾಡುವ, ಅಗಲ ತಟ್ಟೆಯಲ್ಲಿ ಬೇಯಿಸಿ ಕತ್ತರಿಸುವ ಹಣ್ಣಿನ ಬಾರ್, 20ನೇ ಶತಮಾನದ ಮನೆ ಓವನ್ನುಗಳ ಕೂಸು. ಅಮೆರಿಕದ ಅಡುಗೆಮನೆಗಳಲ್ಲಿ ಇದು ಹೆಚ್ಚು ಬೆಳೀತು.

ನಮ್ಮ ಕಡೆಯ ನೆಂಟರು

ಈ ಉದುರು ತಿಂಡಿಗೆ ನಮ್ಮ ದೇಶದಲ್ಲೂ ನೆಂಟರಿದ್ದಾರೆ. ನಾನ್‌ಖಟಾಯಿಯ ಬಗ್ಗೆ ಸೂರತ್‌ನವರು ಹೇಳೋ ಕಥೆ ಕೇಳಿ. ಡಚ್ಚರು ಊರು ಬಿಟ್ಟಾಗ ಅವರ ಬೇಕರಿ ಪಾರ್ಸಿ ಕೆಲಸಗಾರ ದೋಟಿವಾಲಾ ಕೈಗೆ ಬಂತು. ಹೆಂಡ ಹಾಕಿ ಹುದುಗಿಸಿದ ಬ್ರೆಡ್ಡನ್ನ ಊರವರು ಕೊಳ್ಳಲಿಲ್ಲ. ಉಳಿದು ಒಣಗಿದ್ದೇ ಬಿಸ್ಕತ್ತಿನ ಹಾಗೆ ಮಾರಾಟವಾಯ್ತು, ಮುಂದೆ ಅದೇ ದಾರಿಯಲ್ಲಿ ನಾನ್‌ಖಟಾಯಿ ಹುಟ್ಟಿತು. ಸ್ಕಾಟ್ಲೆಂಡಿನ ಒಣ ಬಿಸ್ಕತ್ತು ಬ್ರೆಡ್ ನೆನಪಾಗಲ್ವಾ?

ಪುಣೆಯ ಈಸ್ಟ್ ಸ್ಟ್ರೀಟಿನಲ್ಲಿ ಇರಾನಿ ಕುಟುಂಬವೊಂದು 1955ರಲ್ಲಿ ಕಯಾನಿ ಬೇಕರಿ ತೆರೆಯಿತು. ಅಲ್ಲಿನ ಶ್ರೂಸ್‌ಬರಿ ಬಿಸ್ಕತ್ತಿಗೆ ನಾವೆಲ್ಲ ಕ್ಯೂ ನಿಂತವರೇ. ಕಾಂಗ್ರೀವ್‌ನ ನಾಟಕದಲ್ಲಿ ಹಳ್ಳಿ ಅಣ್ಣನನ್ನ ಹೋಲಿಸಿದ ಕೇಕಿನ ಹೆಸರಿನ ತಿಂಡಿಯನ್ನ ನಾವು ಊರಿಗೆ ಹೋಗುವಾಗ ಬ್ಯಾಗಿಗೆ ತುರುಕ್ತೀವಿ.

ಇನ್ನೊಂದು ಕಾಕತಾಳೀಯ. 1898ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ಶೈರ್‌ನಲ್ಲಿ ಜೋಸೆಫ್ ವಾಕರ್ ಅನ್ನೋ 21ರ ಹುಡುಗ 50 ಪೌಂಡ್ ಸಾಲ ಮಾಡಿ ಬೇಕರಿ ತೆರೆದ. ಆ ಕೆಂಪು ಚೌಕಳಿ ಡಬ್ಬಿ ಅವನ ಮನೆತನದ್ದು. ಅದೇ 1898ರಲ್ಲಿ ಹಾಸನದ ಕಡೆಯ ಎಚ್. ಎಸ್. ತಿರುಮಲಾಚಾರ್ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ. ಬಿ. ಬೇಕರಿ ತೆರೆದರು. ನಮ್ಮ ಅಯ್ಯಂಗಾರ್ ಬೇಕರಿಗಳ ಕಥೆ ಅಲ್ಲಿಂದ ಶುರು. ಬೆಣ್ಣೆ ಬಿಸ್ಕತ್ತು, ಖಾರಾ ಬಿಸ್ಕತ್ತು ತಿಂದು ಬೆಳೆದವರಿಗೆ ಶಾರ್ಟ್‌ಬ್ರೆಡ್ ಪೂರ್ತಿ ಅಪರಿಚಿತ ಅಲ್ಲ.

ಸೇಬಿಗೂ ಒಂದು ಕಥೆ ಇದೆ. 1904ರಲ್ಲಿ ಅಮೆರಿಕದಿಂದ ಬಂದ ಸ್ಯಾಮ್ಯುಯೆಲ್ ಸ್ಟೋಕ್ಸ್ ಶಿಮ್ಲಾ ಗುಡ್ಡದ ಕೋಟ್‌ಗಢದಲ್ಲಿ ನೆಲೆಸಿ, 1916ರಲ್ಲಿ ರೆಡ್ ಡೆಲಿಷಿಯಸ್ ಸಸಿ ತರಿಸಿ ನೆಟ್ಟರು. ಸ್ವಾತಂತ್ರ್ಯ ಚಳವಳಿಗೆ ಇಳಿದು 1921ರಲ್ಲಿ ಜೈಲಿಗೂ ಹೋದರು. ಮುಂದೆ ಸತ್ಯಾನಂದ ಆದರು. ಪುಣೆಯ ತಳ್ಳುಗಾಡಿಗೆ ಬರೋ ಹಿಮಾಚಲದ ಸೇಬಿನ ಹಿಂದೆ ಆ ತೋಟವಿದೆ.

ಕೊನೆಗೂ ತಟ್ಟೆ

ಈಗ ಮಾಡೋದು ಹೇಗೆ ಅಂತ. ಸಕ್ಕರೆ 100 ಗ್ರಾಂ ಪುಡಿ ಮಾಡ್ಕೊಳ್ಳಿ. ಬೆಣ್ಣೆ 200 ಗ್ರಾಂ, ಉಪ್ಪಿಲ್ಲದ್ದು, ತಣ್ಣಗಿರಬೇಕು. ಮೈದಾ 300 ಗ್ರಾಂ, ಅದರಲ್ಲಿ 40 ಗ್ರಾಂ ತೆಗೆದು ಅಕ್ಕಿ ಹಿಟ್ಟು ಹಾಕಿ. ಇದು ನನ್ನ ಕಸರತ್ತಲ್ಲ, ಸ್ಕಾಟ್ಲೆಂಡಿನವರೂ ಗರಿಗರಿಗೆ ಅಕ್ಕಿ ಹಿಟ್ಟು ಸೇರಿಸ್ತಾರೆ. ಬೆರಳ ತುದಿಯಲ್ಲಿ ತಿಕ್ಕಿ, ಚಕ್ಕುಲಿ ಹಿಟ್ಟಿನ ಹದ ನೆನಪಿಟ್ಕೊಳ್ಳಿ. ಒಂದು ಹನಿ ನೀರೂ ಬೇಡ, ನಾದಲೂ ಬೇಡ.

ಮೂರರಲ್ಲಿ ಎರಡು ಭಾಗವನ್ನ 8 ಇಂಚಿನ ಚೌಕ ತಟ್ಟೆಗೆ ಒತ್ತಿ, ಫೋರ್ಕಿನಲ್ಲಿ ಚುಚ್ಚಿ, 170 ಡಿಗ್ರಿಯಲ್ಲಿ 20 ನಿಮಿಷ ಬೇಯಿಸಿ. ಅಷ್ಟರಲ್ಲಿ ಮೂರು ಸೇಬು ಹೆಚ್ಚಿ, ಎರಡು ಚಮಚ ಸಕ್ಕರೆ, ಚಕ್ಕೆಪುಡಿ, ಅರ್ಧ ನಿಂಬೆಹಣ್ಣಿನ ರಸ ಹಾಕಿ ಬಾಣಲೆಯಲ್ಲಿ ನೀರು ಇಂಗೋವರೆಗೆ ಬಾಡಿಸಿ. ಇದನ್ನ ಮರೀಬೇಡಿ. ನನ್ನ ಮೊದಲ ತಟ್ಟೆಯಲ್ಲಿ ಹಸಿ ಸೇಬು ಹಾಕಿ, ನೀರೆಲ್ಲಾ ಇಳಿದು, ತಳ ಹಸಿಹಿಟ್ಟಿನ ಹಾಗೆ ಮೆತ್ತಗಾಗಿತ್ತು. ಬೆಂದ ತಳದ ಮೇಲೆ ಸೇಬು ಹರಡಿ, ಉಳಿದ ಹಿಟ್ಟನ್ನ ಮೇಲೆ ಉದುರಿಸಿ, ಇನ್ನೂ 35 ನಿಮಿಷ. ಪೂರ್ತಿ ಆರಿದ ಮೇಲೆ ಕತ್ತರಿಸಿ. ಬಿಸಿಯಲ್ಲಿ ಕೈ ಹಾಕಿದರೆ ಪುಡಿಯೇ ಗತಿ.

ಆ ವರ್ಷ ದೀಪಾವಳಿಗೆ ರಜ ಸಿಕ್ತು. ಸ್ಟೀಲ್ ಡಬ್ಬಿಯಲ್ಲಿ ಹನ್ನೆರಡು ತುಂಡು ಹಾಕ್ಕೊಂಡು ರಾತ್ರಿ ಬಸ್ ಹತ್ತಿದೆ. ಊರು ತಲುಪುವಷ್ಟರಲ್ಲಿ ನಾಲ್ಕು ಪುಡಿಯಾಗಿದ್ದವು. ಅಮ್ಮ ಆ ಪುಡಿಯನ್ನೇ ಮೊದಲು ಬೆರಳಲ್ಲಿ ಒತ್ತಿ ಬಾಯಿಗಿಟ್ಟಳು.

"ಹೇಗಿದೆ ಅಮ್ಮ?"

"ಬೆಣ್ಣೆ ಘಮ ಚೆನ್ನಾಗಿದೆ. ಸಿಹಿ ಸ್ವಲ್ಪ ಜಾಸ್ತಿ ಆಯ್ತು." ಆಮೇಲೆ ಇನ್ನೊಂದು ಚಿಟಿಕೆ ತಗೊಂಡು, "ಅಜ್ಜಿ ಒಂದು ವಾರ ಸಂತೆಗೆ ಹೋಗದೆ ಇದ್ದಿದ್ರೆ ನಮಗೂ ಹೀಗೆ ಏನಾದ್ರೂ ಮಾಡಿಕೊಡ್ತಿದ್ರೇನೋ" ಅಂದಳು. ಗಟ್ಟಿ ತುಂಡುಗಳನ್ನ ತಟ್ಟೆಗೆ ಹಾಕಿ ಪಕ್ಕದ ಮನೆಗೆ ಕೊಟ್ಟುಬರಲು ನನ್ನನ್ನೇ ಕಳಿಸಿದಳು.

ನಿಮ್ಮ ಮನೆಯಲ್ಲೂ ಕೈಯಾರೆ ಮಾಡಿ, ತಾವು ತಿನ್ನದೆ ಮಾರಿದ ವಸ್ತು ಒಂದಿರುತ್ತೆ. ಬೆಣ್ಣೆ, ಮೊಟ್ಟೆ, ಕಾಯಿ, ಬೆಲ್ಲ. ಈ ವಾರ ಫೋನ್ ಮಾಡಿದಾಗ ಅಮ್ಮನನ್ನೋ ಅಜ್ಜಿಯನ್ನೋ ಕೇಳಿ, ಅದು ಯಾವುದಾಗಿತ್ತು ಅಂತ. ಅವರು ಹೇಳಿದ್ದನ್ನ ಬರೆದಿಟ್ಕೊಳ್ಳಿ, ಆಗುತ್ತೆ ಅಂದ್ರೆ ನಮಗೂ ಕಳಿಸಿ. ಮುಂದಿನ ವಾರ ಸಿಗೋಣ.